ಪಗಾರ ಬಂದೈತೇನು?

— ಕಾಕಾ, ಮುಂಜಾನೆ ಬಾಜೂ ಮನಿ ಆಯಿ ಕೋಲು ಹಿಡಕೊಂಡು ಹೊಂಟಿದ್ಲು. ಎಲ್ಲಿಗೆ ಆಯಿ ಅಂದ್ರ, "ಪಗಾರ ಬಂದೈತೇನು ನೋಡಿ ಬರತೀನವ್ವಾ" ಅಂದ್ಲು. ಎಂಬತ್ತು ದಾಟಿದಾಕಿಗೆ ಯಾವ ನೌಕರಿ, ಎಲ್ಲಿ ಪಗಾರ?

— ಸಂಧ್ಯಾ ಸುರಕ್ಷಾದ್ದು, ವಯಸ್ಸಾದವ್ರಿಗೆ ಸರಕಾರ ಕೊಡೋ ಮಾಸಾಶನ. ನಮ್ಮ ನಾಲತವಾಡದಾಗ ಅದಕ್ಕ ಪಗಾರನ ಅಂತಾರ. ವಿಧವಾ ವೇತನಕ್ಕೂ ಪಗಾರ, ಅಂಗವಿಕಲರ ಮಾಸಾಶನಕ್ಕೂ ಪಗಾರ. ನಾ ಟಪಾಲ ಆಫೀಸಿನ್ಯಾಗ ಇದ್ದಾಗ ಮನಿಆರ್ಡರಿನ ಮ್ಯಾಲ ಸರಕಾರದವ್ರು ಏನರೆ ಬರದಿರಲಿ, ಬಾಗಿಲ ಮುಂದ ನಿಂತು ನಾ ಒದರೋದು ಒಂದ: "ಪಗಾರ ಬಂದೈತಿ, ಹೆಬ್ಬಟ್ಟು ಒತ್ತು ಬಾ." ಮಾಸಾಶನ ಅಂದಿದ್ರ ಯಾರೂ ಹೊರಗ ಬರತಿರಲಿಲ್ಲ.

— ಅದು ಪೋರ್ಚುಗೀಸ್ ಮಾತು ಅಂತ ಗೊತ್ತೈತೇನ್ರಿ ನಿಮಗ?

— ಯಾವುದು, ಪಗಾರ? ಮರಾಠಿ ಅಂತ ತಿಳಕೊಂಡಿದ್ದೆ ನಾ. ನಮ್ಮ ಹೆಡ್ ಪೋಸ್ಟ್ ಮಾಸ್ತರ ಒಬ್ಬರು ಬ್ಯಾರೇ ಹೇಳತಿದ್ರು. ಆದಿಲ್‌ಶಾಹಿ ಕಾಲದಾಗ ಸರಕಾರಿ ಕುದುರಿ ಲಾಯಕ್ಕ ಪಾಗಾ ಅಂತಿದ್ರಲ್ಲ, ಆ ಪಾಗಾದ ಸವಾರರಿಗೆ ಕೊಡೋ ರೊಕ್ಕನ ಪಗಾರ ಆತು ಅಂತ. ಕೇಳಾಕ ಛಲೋ ಇತ್ತು.

— ಕೇಳಾಕ ಛಲೋ ಇದ್ದ ವ್ಯುತ್ಪತ್ತಿ ಕಂಡ್ರ ಸ್ವಲ್ಪ ದೂರ ನಿಲ್ಲಬೇಕು ಕಾಕಾ. ಪಾಗಾ ಪಾರಸಿ ಕಡಿಂದ ಬಂದದ್ದು, ಅದರ ಹಾದಿ ಬ್ಯಾರೆ. ನಾ ಇರೋ ಮಂಗಳೂರು ಕಡೆ ಇನ್ನೊಂದು ಐತಿ: ಪಾಗಾರ, ದೀರ್ಘ ಕೊಟ್ಟು. ಅಂದ್ರ ಕಂಪೌಂಡು ಗೋಡೆ. ಅದು ಸಂಸ್ಕೃತದ ಪ್ರಾಕಾರ. ನಾ ಹೊಸದಾಗಿ ಹೋದಾಗ ಮನಿ ಮಾಲಕರು "ಪಾಗಾರ ಬಿದ್ದಿದೆ" ಅಂದ್ರು. ಇವರಿಗೆ ಪಗಾರ ಬಿದ್ರ ನನಗ್ಯಾಕ ಹೇಳಾಕತ್ತಾರ ಅಂತ ಸುಮ್ಮ ನಿಂತಿದ್ದೆ.

— ಹಹ್ಹ! ಆತು, ಪೋರ್ಚುಗೀಸ್ ಅಂತ ಯಾರು ಹೇಳಿದ್ದು?

— ಸೆಬಾಸ್ಟಿಯಾವ್ ರೊಡಾಲ್ಫೊ ದಲ್ಗಾದೊ ಅಂತ ಒಬ್ಬ ಪಾದ್ರಿ. ಗೋವಾದ ಅಸಗಾವದಾಗ 1855ರಾಗ ಹುಟ್ಟಿದಾಂವ. 1913ರಾಗ ಒಂದು ಪುಸ್ತಕ ಅಚ್ಚು ಹಾಕಿಸಿದ. ಪೋರ್ಚುಗೀಸ್ ಶಬ್ದ ಏಷ್ಯಾದ ಯಾವ ಯಾವ ಭಾಷೆದಾಗ ಹೊಕ್ಕಾವ ಅಂತ ಒಂದೊಂದ ಆರಿಸಿ ಕೋಶ ಮಾಡಿದ. ಸುಮಾರು ಐವತ್ತು ಭಾಷೆ. ಕನ್ನಡನೂ ಐತಿ, ತುಳುನೂ ಐತಿ. 1936ರಾಗ ಬಡೋದಾದಿಂದ ಇಂಗ್ಲಿಷಿನ್ಯಾಗೂ ಬಂತು. ಕಂಪ್ಯೂಟರ್ ಇಲ್ಲ, ಏನಿಲ್ಲ. ಚೀಟಿ ಬರಕೊಂತ ಕುಂತು ಮಾಡಿದ ಕೆಲಸ. ನಮ್ಮ ಕಡಿ ಇಂಥವ್ರ ಹೆಸರು ಒಂದು ಓಣಿಗೂ ಇಡಲಿಲ್ಲ ನೋಡ್ರಿ.

— ಆ ಭಾಷೆದಾಗ ಪಗಾರ ಅಂದ್ರ ಸಂಬಳನ ಏನು?

— ಅಲ್ರಿ. ಅಲ್ಲೇ ಐತಿ ಮಜಾ. ಪೋರ್ಚುಗೀಸಿನ್ಯಾಗ 'ಪಗಾರ್' ಅಂದ್ರ ಕೊಡೋದು, ಸಲ್ಲಿಸೋದು, ತೀರಿಸೋದು. ಕ್ರಿಯಾಪದ. ಅಂಗಡ್ಯಾಗ ಚಾ ಕುಡದು ರೊಕ್ಕ ಕೊಟ್ರೂ ಪಗಾರ್, ಸಾಲ ತೀರಿಸಿದ್ರೂ ಪಗಾರ್. ಅರಬ್ಬಿ ಸಮುದ್ರದ ಈ ದಂಡಿಗೆ ಬಂದ ಮ್ಯಾಲ ಅದು ನಾಮಪದ ಆತು, ಅದರಾಗೂ ನೌಕರನ ತಿಂಗಳ ರೊಕ್ಕಕ್ಕಷ್ಟ ಮೀಸಲಾತು. ಮರಾಠಿ, ಗುಜರಾತಿ, ಕೊಂಕಣಿ, ಕನ್ನಡ, ಎಲ್ಲಾ ಕಡೆ ಹಂಗ. ಕೊಡಾಂವ "ಕೊಡತೀನಿ" ಅಂದ, ಇಸಗೊಳ್ಳಾಂವ ಅದನ್ನ ಒಂದು ವಸ್ತು ಅಂತ ತಿಳದು ಕಿಸೇಕ ಹಾಕ್ಕೊಂಡ.

— ಇಸಗೊಂಡಾಂವ ಶಾಣ್ಯಾ.

— ಅದರ ಹಿಂದಿಂದು ಇನ್ನೂ ಛಲೋ ಐತಿ. ಲ್ಯಾಟಿನ್ನಿನ್ಯಾಗ 'ಪಾಕಾರೆ' ಅಂದ್ರ ಶಾಂತ ಮಾಡೋದು. 'ಪಾಕ್ಸ್' ಅಂದ್ರ ಶಾಂತಿ. ಸಾಲ ಕೊಟ್ಟಾಂವ ಬಾಗಿಲಿಗೆ ಬಂದು ಕುಂತಾನ, ಅವನ್ನ ಸಮಾಧಾನ ಮಾಡಬೇಕು, ಹ್ಯಾಂಗ? ರೊಕ್ಕ ಕೊಟ್ಟ. ಸಮಾಧಾನ ಮಾಡೋದು ಅನ್ನೋದು ನಿಧಾನಕ್ಕ ರೊಕ್ಕ ಕೊಡೋದು ಅಂತಾತು. ಅದ ಶಬ್ದ ಫ್ರೆಂಚ್ ಹಾದಿ ಹಿಡದು ಇಂಗ್ಲಿಷಿಗೆ ಹೋಗಿ 'ಪೇ' ಆತು. ಕಿರಾಣಿ ಅಂಗಡ್ಯಾಗ ಫೋನ್‌ಪೇ ಪೆಟಗಿ ಒದರತೈತಲ್ಲ, ಆ ಪೇ, ನಿಮ್ಮ ಪಗಾರ, ಎರಡೂ ಅಣ್ಣತಮ್ಮರ ಮಕ್ಕಳು. "ಪಗಾರ ಫೋನ್‌ಪೇ ಮಾಡ್ರಿ" ಅಂದ್ರ ಒಂದ ಶಬ್ದ ಎರಡು ಸಲ ಅಂದಂಗ.

— ಅಣ್ಣತಮ್ಮರ ಮಕ್ಕಳು ಅಂದ ಮ್ಯಾಲ ಒಬ್ಬರ ಮಾರಿ ಒಬ್ಬರಿಗೆ ಗುರತ ಸಿಗೂದಿಲ್ಲ ಬಿಡು. ಪೋರ್ಚುಗೀಸರ ಊರಾಗ ಈ ಶಬ್ದ ಎಲ್ಲಾ ಕಡಿ ಒಂದ ಅರ್ಥದಾಗ ಬಳಸತಾರೇನು? ನಮ್ಮಲ್ಲಿ ಹತ್ತು ಹರದಾರಿಗೆ ಮಾತು ಬದಲಾಗತೈತಿ.

— ಅಲ್ಲಿನೂ ಹಂಗ. ಪೋರ್ಚುಗಲ್ಲಿನ ಬಡಗಣ ಮಗ್ಗಲದಾಗ ಗಲೀಸಿಯಾ ಅಂತ ಐತಿ. ಈಗ ಸ್ಪೇನಿಗೆ ಸೇರಿದ್ದು. ನಡಕ ಮಿನ್ಯೊ ಅನ್ನೋ ಹೊಳಿ. ಮೊದಲು ಹೊಳಿ ಎರಡೂ ದಂಡಿಗೆ ಒಂದ ಭಾಷೆ ಇತ್ತು. 12ನೇ ಶತಮಾನದಾಗ ಪೋರ್ಚುಗಲ್ ಬ್ಯಾರೇ ರಾಜ್ಯ ಆತು, ಭಾಷೆನೂ ಸಾವಕಾಶ ಎರಡಾತು. ಪಗಾರ್ ಎರಡೂ ಕಡಿ ಉಳೀತು. ಆದ್ರ "ಅಷ್ಟು ಕಷ್ಟ ಪಟ್ಟಿದ್ದಕ್ಕೂ ಸಾರ್ಥಕ ಆತು" ಅನ್ನೂಮುಂದ ಪೋರ್ಚುಗೀಸ್ ಮಂದಿ ಆ ಕಷ್ಟಕ್ಕ 'ಬೆಲೆ ಐತಿ' ಅಂತಾರ. ಗಲೀಸಿಯಾದವ್ರು ಅದನ್ನ ಅದು 'ಪಗಾ' ಮಾಡತೈತಿ, ಕಷ್ಟದ ಋಣ ತೀರಿಸತೈತಿ ಅಂತಾರ. ಮಾತು ಒಂದ, ಹೊಳಿ ದಾಟಿದ್ರ ಕ್ರಿಯಾಪದ ಬ್ಯಾರೆ.

— ಋಣ ತೀರಿಸೋದು. ಅದು ನಮ್ಮ ಮಾತಿನ್ಯಾಗೂ ಕುಂದರತೈತಿ.

— ಬ್ರೆಜಿಲ್ಲಿನ್ಯಾಗ ದೇವರಿಗೆ ಹರಕೆ ಹೊತ್ತದ್ದನ್ನ ಒಪ್ಪಿಸೋದಕ್ಕೂ ಪಗಾರ್ ಅಂತಾರ. 1962ರಾಗ ಕಾನ್ ಸಿನಿಮಾ ಉತ್ಸವದಾಗ ಮೊದಲ ಬಹುಮಾನ ತಗೊಂಡ ಬ್ರೆಜಿಲ್ ಸಿನಿಮಾದ ಹೆಸರ ಹಂಗ ಐತಿ, 'ಹರಕೆ ತೀರಿಸಾಂವ' ಅಂತ. ಹೆಗಲ ಮ್ಯಾಲ ದೊಡ್ಡ ಶಿಲುಬೆ ಹೊತಗೊಂಡು ಊರಿಂದ ನಡಕೊಂತ ಬರತಾನ ಒಬ್ಬ ರೈತ, ಯಾಕಂದ್ರ ಸಾಯಾಕ ಬಿದ್ದಿದ್ದ ಅವನ ಕತ್ತಿ ಬದುಕಿರತೈತಿ.

— ಕತ್ತಿ ಸಲುವಾಗಿ ಹರಕಿ! ಅಂವ ನಮ್ಮ ಮಂದಿನ ತಗೋ. ಎತ್ತು ಬದುಕಿದ್ರ ದೀಡ ನಮಸ್ಕಾರ ಹಾಕತೀನಿ ಅಂತ ಬೇಡಿಕೊಂಡವ್ರನ್ನ ನಾನ ನೋಡೀನಿ.

— ಇನ್ನೊಂದು ಕೇಳ್ರಿ. 'ಬಾತುಕೋಳಿದು ಪಗಾರ್ ಮಾಡಿದ' ಅಂದ್ರ, ಯಾರೋ ಮಾಡಿದ್ದಕ್ಕ ಇಂವ ದಂಡ ತೆತ್ತ ಅಂತ.

— ಮಂಗ್ಯಾ ತಾ ಬೆಣ್ಣಿ ತಿಂದು ಆಡಿನ ಬಾಯಿಗೆ ಒರಿಸಿದ್ದು.

— ಅದ. ನನಗ ಎಲ್ಲಾಕ್ಕಿಂತ ಹಿಡಿಸಿದ್ದು ಅದರ ಮಗಳು ಶಬ್ದ, 'ಅಪಗಾರ್'. ಅಂದ್ರ ದೀಪ ಆರಿಸೋದು, ಬೆಂಕಿ ನಂದಿಸೋದು. ಲ್ಯಾಟಿನ್ನಿನ ಆ ಶಾಂತ ಮಾಡೋ ಅರ್ಥ ಅಲ್ಲಿ ಹಂಗ ಉಳದೈತಿ.

— ನಮ್ಮವ್ವ ದೀಪ ಆರಿಸು ಅಂದ್ರ ಬೈತಿದ್ಲು. "ಶಾಂತ ಮಾಡು ಅನ್ನಬೇಕು" ಅಂತಿದ್ಲು. ಲ್ಯಾಟಿನ್ ಎಲ್ಲಿಂದ ಬರಬೇಕು ಅಕಿಗೆ. ಅರಿಷ್ಟದ ಮಾತು ಆಡಬಾರದು ಅನ್ನೋದು ಎಲ್ಲಾ ಕಡಿ ಇರತೈತಿ ಅಂತ ಕಾಣತೈತಿ.

— ಈಗ ನೀವು ಹೇಳ್ರಿ, ಈ ಮಾತು ನಾಲತವಾಡಕ್ಕ ಹ್ಯಾಂಗ ಬಂತು?

— ಅದು ಹೇಳೋದೇನು ದೊಡ್ಡದು? 1510ಕ್ಕಿಂತ ಮೊದಲು ಗೋವಾ ವಿಜಾಪುರದ್ದಲ್ಲೇನು? ಪೋರ್ಚುಗೀಸರ ಅಲ್ಬುಕರ್ಕ ಆದಿಲ್‌ಶಾಹಿ ಕೈಯಾಗಿಂದ ಕಸಗೊಂಡ. ಕಸಗೊಂಡ್ರೂ ವ್ಯಾಪಾರ ನಿಲ್ಲಲಿಲ್ಲ. ಅರಬಸ್ತಾನದ ಕುದುರಿ ಗೋವಾ ಬಂದರದಾಗ ಇಳದ ಘಟ್ಟ ಏರಬೇಕಿತ್ತು. 1565ರಾಗ ಇಲ್ಲೇ ರಕ್ಕಸಗಿ ತಂಗಡಗಿ ಕಡೆ ಯುದ್ಧ ಆತಲ್ಲ, ಆ ಎರಡೂ ಕಡಿ ದಂಡಿನ್ಯಾಗ ಗೋವಾದ ಕುದುರಿ ಎಷ್ಟಿದ್ದುವೋ. ಅದಾಗಿ ಐದು ವರ್ಷಕ್ಕ ಅಲಿ ಆದಿಲ್‌ಶಾಹ ಗೋವಾಕ್ಕ ಮುತ್ತಿಗಿ ಹಾಕಿದ, ಆಗಲಿಲ್ಲ, 1571ರಾಗ ತಹ ಮಾಡಿಕೊಂಡ. ನೂರಾ ಎಪ್ಪತ್ತು ವರ್ಷದ ಮ್ಯಾಲ ಇವ್ರು ಅವ್ರು ಜಗಳಾಡಿಕೊಂತ ವ್ಯಾಪಾರ ಮಾಡಿಕೊಂತ ಬಾಜೂ ಬಾಜೂಕ ಇದ್ರು. ಒಂದು ಶಬ್ದ ಬರಾಕ ಅಷ್ಟು ಸಾಕಾಗೂದಿಲ್ಲೇನು?

— ಸಾಮಾನಿನ ಜೋಡಿ ಬರೋ ಶಬ್ದಕ್ಕ ಸಾಕು. ಬಟಾಟಿ ಬಂತು, ಪೇರಲ ಬಂತು, ಬಾಲ್ದಿ, ಚಾವಿ, ಲಿಲಾವು ಬಂದುವು. ಆದ್ರ ಪಗಾರ ಸಾಮಾನಲ್ಲ. ಅದು ಹಾಜರಿ ಪುಸ್ತಕದ ಜೋಡಿ ಬರೋ ಶಬ್ದ. ತಿಂಗಳಿಗೊಮ್ಮೆ ಹೆಸರು ಕೂಗಿ, ಸಹಿ ಮಾಡಿಸಿಕೊಂಡು, ರೊಕ್ಕ ಬಟವಾಡೆ ಮಾಡೋ ಕಚೇರಿ ಇಲ್ಲದ ಊರಾಗ ಆ ಮಾತಿಗೆ ಏನು ಕೆಲಸ? ಅದಕ್ಕ ನನಗ ಅನಿಸೋದು, ಅದು ನಾಲತವಾಡಕ್ಕ ಕುದುರಿ ಮ್ಯಾಲ ಗೋವಾದಿಂದ ನೆಟ್ಟಗ ಬಂದದ್ದಲ್ಲ. ಮರಾಠಿ ಕಾರಕೂನರ ಲೆಕ್ಕಣಿಕಿ ಹಿಡಕೊಂಡು ಬಂದದ್ದು. 1818ರ ತನಕ ಪೇಶ್ವೆ, ಅದಾದ ಮ್ಯಾಲ ನಿಧಾನಕ್ಕ ಮುಂಬೈ ಇಲಾಖೆ. 1885ರಾಗ ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕ ಬಂತು. ಅಲ್ಲಿಂದ ಮಾಮಲೇದಾರ, ಫೌಜದಾರ, ಸಾಲಿ ಮಾಸ್ತರ, ಟಪಾಲ, ಎಲ್ಲಾರಿಗೂ ತಿಂಗಳ ಲೆಕ್ಕ. ಮೈಸೂರು ಕಡಿ ನೋಡ್ರಿ, ಅಲ್ಲಿ ಇವತ್ತಿಗೂ ಸಂಬಳ. ಪಗಾರ ಅಂದ್ರ ನಗತಾರ. ನಕ್ಷೆದಾಗ ಮುಂಬೈ ಇಲಾಖೆ ಗೆರಿ ಎಳದ್ರ ಪಗಾರದ ಗೆರಿನೂ ಹೆಚ್ಚುಕಡಿಮಿ ಅದ.

— ಹೊಳಿ ಆಚೆ ಲಿಂಗಸೂಗೂರು, ಮೂಡಣಕ್ಕ ಹುಣಸಗಿ ಸುರಪುರ ನಿಜಾಮಂದಲ್ಲೇನು? ಅಲ್ಲಿನೂ ಈಗ ಪಗಾರನ ಅಂತಾರ.

— ಈಗ ಅಂತಾರ. ನಿಜಾಮನ ಕಚೇರಿ ಉರ್ದುದಾಗ ನಡೀತಿತ್ತು, ಉರ್ದುದಾಗ ಅದಕ್ಕ ತನಖಾ. ಆ ಸರಕಾರ ಹೋತು, 1956ರಾಗ ಎಲ್ಲಾ ಕೂಡಿತು. ಯಾವ ಮಾತು ನಿಲ್ಲತೈತಿ ಅನ್ನೋದು ಯಾವ ಕಚೇರಿ ನಿಲ್ಲತೈತಿ ಅನ್ನೋದರ ಮ್ಯಾಲ ಇರತೈತಿ.

— ನಿನ್ನ ಗೆರಿ ಪೂರಾ ಒಪ್ಪೂದಿಲ್ಲ ನಾ. ಕುದುರಿ ಸವಾರಗೂ ತಿಂಗಳ ಲೆಕ್ಕ ಇರತಿತ್ತು. ಆದ್ರ ಒಂದು ಮಾತು ಖರೆ. ನಮ್ಮೂರಾಗ ಸಂಬಳನೂ ಐತಿ, ಪಗಾರನೂ ಐತಿ, ಒಂದರ ಜಾಗಾದಾಗ ಇನ್ನೊಂದು ಹಾಕಾಕ ಬರೂದಿಲ್ಲ. "ಅಂವ ಗೌಡರ ಮನ್ಯಾಗ ಸಂಬಳ ಅದಾನ" ಅಂದ್ರ ಒಕ್ಕಲುತನದ ಆಳು. ಯುಗಾದಿಗೆ ಮಾತಾಡಿ ಯುಗಾದಿ ತನಕ. ಇಷ್ಟು ಚೀಲ ಜ್ವಾಳ, ಎರಡು ಧೋತರ, ಒಂದು ಕಂಬಳಿ, ಒಂದು ಜೋಡ ಕೆರವು, ಮ್ಯಾಲ ಒಂದೀಟು ರೊಕ್ಕ. ಮಗಳ ಮದವಿ ಬಂತಂದ್ರ ಮುಂದಿನ ವರ್ಷದ್ದೂ ಮೊದಲ ಇಸಗೊಂಡುಬಿಡತಿದ್ದ. ತೀರತಿರಲಿಲ್ಲ. ಅವಂಗ ಪಗಾರ ಐತಿ ಅಂತ ಯಾರೂ ಅನ್ನತಿರಲಿಲ್ಲ, ಅಂದ್ರ ಚೇಷ್ಟಿ ಮಾಡಿದಂಗ ಆಗತಿತ್ತು.

— ಸಂಬಳ ಸಂಸ್ಕೃತದ ಶಂಬಲ ಕಾಕಾ. ಅಂದ್ರ ಹಾದಿ ಬುತ್ತಿ.

— ಬುತ್ತಿ! ನೋಡು ಮತ್ತ, ಸರಿಯಾಗಿ ಐತಿ. ಆಳಿಗೆ ಉಣ್ಣಾಕಷ್ಟ. ಬಡಿಗ್ಯಾರ, ಕಂಬಾರ, ಹಡಪದವ್ರು, ಇವ್ರಿಗೆ ಆಯ. ರಾಶಿ ದಿನ ಕಣದಾಗ ಬಂದು ನಿಂತ್ರ ಮರದಾಗ ಹಾಕಿ ಕೊಡೋದು. ಕಳೇ ತಗಿಯಾಕ ಹೋದವ್ರಿಗೆ ಕೂಲಿ. ಕಬ್ಬು ಕಡಿಯಾಕ ಟೋಳಿ ಕಟಗೊಂಡು ಹೋದವ್ರಿಗೆ ಉಚಲ್, ಮೊದಲ ರೊಕ್ಕ ಎತ್ತಿ ಆಮ್ಯಾಲ ದುಡದು ಮುಟ್ಟಿಸೋದು. ಗುತ್ತೇದಾರಗ ಬಿಲ್. ಎಲ್ಲಾ ದುಡಿಮಿಗೆ ಬರೋ ರೊಕ್ಕನ, ಆದ್ರ ಒಂದೊಂದಕ್ಕ ಒಂದೊಂದು ಹೆಸರು. ಪಗಾರ ಅನ್ನೋದು ಸಾಲಿ ಮಾಸ್ತರಂದು, ತಲಾಠಿದು, ನಂದು.

— ಗಿಂಬಳ ಬಿಟ್ರಲ್ಲ.

— ಅದು ಎಲ್ಲಾರದೂ!

— ನಗಬ್ಯಾಡ್ರಿ, ಸಂಬಳಕ್ಕ ಜೋಡಿ ಶಬ್ದ ಕಟ್ಟಿ ನಾವು ಗಿಂಬಳ ಅಂದ್ವಿ, ಅದು ಲಂಚ ಆತು. ಸಿಂಹಳದವ್ರು ಪೋರ್ಚುಗೀಸರ 'ಪಗಾ' ತಗೊಂಡು ಪಗಾವ ಅಂದ್ರು. ಅಲ್ಲಿ ಪಗಾವ ಅಂದ್ರ ನೆಟ್ಟಗ ಲಂಚನ. ಗೋವಾದಾಗ ಇಳದ ಶಬ್ದ ನೌಕರನ ಮನಿ ಸೇರಿತು, ಕೊಲಂಬೊದಾಗ ಇಳದದ್ದು ಟೇಬಲ್ಲಿನ ಬುಡಕ ಹೋತು.

— ಒಂದ ಕಚೇರಿದು ಎರಡು ಬಾಗಲ.

— ಆದ್ರ ನನಗ ತಿಳೀದಿದ್ದು ಅದಲ್ಲ. ಪಗಾರ ಬರೇ ಮಾಸ್ತರಂದು, ತಲಾಠಿದು ಆಗಿದ್ರ, ಬಾಜೂ ಮನಿ ಆಯಿಗೆ ಯಾಕ ಬಂತು? ಅಕಿ ಯಾವ ಹಾಜರಿ ಪುಸ್ತಕದಾಗೂ ಇಲ್ಲ. ದುಡೀಲಾರದಾಕಿ ಅಂತನ ಅಕಿಗೆ ಆ ರೊಕ್ಕ ಬರತೈತಿ. ಅದು ಪಗಾರದ ತದ್ವಿರುದ್ಧ ಅಲ್ಲೇನು?

— ನೀ ಕೆಲಸದ ಕಡಿಂದ ನೋಡಾಕತ್ತಿ. ಮಂದಿ ನೋಡೋದು ತಾರೀಖಿನ ಕಡಿಂದ. ಖಾತ್ರಿ ಕೆಲಸದ ರೊಕ್ಕನೂ ಸರಕಾರದ್ದ, ಬ್ಯಾಂಕಿಗ ಬೀಳೋದು. ಅದಕ್ಕ ಯಾರರೆ ಪಗಾರ ಅಂದದ್ದು ಕೇಳೀಯೇನು? ಇಲ್ಲ. ಕೂಲಿನ ಅಂತಾರ. ಹದಿನೈದು ದಿನಕ್ಕ ಬರಬೇಕು ಅಂತ ಕಾಯ್ದೆ ಮಾಡಿದ್ರು, ಕೆಲಸ ಇದ್ರ ಐತಿ, ಇಲ್ಲಂದ್ರ ಇಲ್ಲ. ಗೃಹಲಕ್ಷ್ಮಿದು ನೋಡು. 2023ರಾಗ ಎರಡು ಸಾವಿರ ಸುರು ಆದಾಗ ನಮ್ಮ ಓಣ್ಯಾಗಿನ ಹೆಣಮಕ್ಕಳು ಪಗಾರ ಬಂತು, ಪಗಾರ ಬಂತು ಅಂತ ನಗಚಾಟಿಕಿ ಮಾಡತಿದ್ರು. ಆಮ್ಯಾಲ ಒಂದು ತಿಂಗಳದ್ದು ಇನ್ನೊಂದು ತಿಂಗಳಿಗೆ, ಕೆಲವು ಸಲ ಎರಡು ಮೂರು ಕೂಡಿ ಬರಾಕ ಹತ್ತಿದುವು. ಈಗ ಯಾರೂ ಪಗಾರ ಅನ್ನೂದಿಲ್ಲ. "ಲಕ್ಷ್ಮಿ ರೊಕ್ಕ ಬಿತ್ತೇನು" ಅಂತಾರ.

— ಅಂದ್ರ ತಪ್ಪದ ಬರಬೇಕು.

— ಅಷ್ಟ. ತಿಂಗಳಾತಂದ್ರ ಬರತೈತಿ ಅಂತ ಕಿರಾಣಿ ಅಂಗಡಿ ಶೆಟ್ಟಿಗೆ ಗೊತ್ತಿರಬೇಕು. ಆಯಿಗೆ ಶೆಟ್ಟಿ ಉದ್ರಿ ಕೊಡತಾನ ಯಾಕ ಹೇಳು? ಅಕಿ ಮಗ ನಾಕು ಎಕರೆ ತೊಗರಿ ಬೆಳೀತಾನ, ಅವಂಗ ಉದ್ರಿ ಕೊಡಾಕ ಶೆಟ್ಟಿ ಹಿಂದಮುಂದ ನೋಡತಾನ. ಮಳಿ ನಂಬಾಕ ಆಗೂದಿಲ್ಲ, ತೊಗರಿ ರೇಟ್ ನಂಬಾಕ ಆಗೂದಿಲ್ಲ. ಆಯಿ ಪಗಾರ ಚಟಾಕಷ್ಟ ಆದ್ರೂ ಖಾತ್ರಿ. ಆ ಮನ್ಯಾಗ ಎಣ್ಣಿ ಸಕ್ಕರಿ ಬರೋದು ಅಕಿ ಹೆಸರಿನ ಮ್ಯಾಲ. ನೀ ಹೇಳಿದೆಲ್ಲ, ಶಾಂತ ಮಾಡೋದು ಅಂತ. ಶೆಟ್ಟಿ ಶಾಂತ ಇದ್ದಾನ.

— ಇದು ದಲ್ಗಾದೊ ಕೋಶದಾಗ ಇಲ್ಲ ಕಾಕಾ. ನಾ ಬರಕೋತೀನಿ.

— ಬರಕೋ. ವರಾ ನೋಡೂಮುಂದನೂ ಇದ. ಹುಡುಗ ಎಂಟು ಎಕರೆ ನೀರಾವರಿ ಹೊಲ ಇದ್ದಾಂವ, ನಾರಾಯಣಪುರ ಹಿನ್ನೀರಿನ ದಂಡಿಗೆ ಪಂಪಸೆಟ್ಟು. ಇನ್ನೊಬ್ಬಾಂವ ಪಟ್ಟಣ ಪಂಚಾಯ್ತಿದಾಗ ಸಿಪಾಯಿ. ಹುಡುಗಿ ಅವ್ವ ಯಾರಿಗೆ ಹೂಂ ಅಂತಾಳ? "ಪಗಾರ ಐತಲ್ಲ ಮತ್ತ" ಅಂತಾಳ. ಎಷ್ಟು ಅಂತ ಕೇಳೂದಿಲ್ಲ.

— ಗೋವಾದ್ದು ಹೇಳ್ರಿ. ನಮ್ಮ ತಾಲೂಕಿನ್ಯಾಗಿಂದ ಎಷ್ಟು ಮಂದಿ ವಾಸ್ಕೋ, ಬೈನಾ, ಮಾಪಸಾಕ್ಕ ಹೋಗ್ಯಾರ. ಶಬ್ದ ಅಲ್ಲಿಂದ ಬಂತು, ಮಂದಿ ಇಲ್ಲಿಂದ ಹೋದ್ರು.

— ಹೋದವ್ರಿಗೆ ಅಲ್ಲಿ ಪಗಾರ ಸಿಗಲಿಲ್ಲವ್ವ. ಹಾಜರಿ ಸಿಕ್ತು. ನಾಕಾದಾಗ ಬುಟ್ಟಿ ಸನಿಕಿ ಹಿಡಕೊಂಡು ನಿಂದ್ರಬೇಕು, ಮೇಸ್ತ್ರಿ ಬಂದು ಕರದ್ರ ಆ ದಿನದ ಹಾಜರಿ. 1961ರಾಗ ಪೋರ್ಚುಗೀಸರು ಹೋದ್ರು, ಅದಾದ ಮ್ಯಾಲ ಅಲ್ಲಿ ಕಟ್ಟಿದ ರಸ್ತೆ, ಬಿಲ್ಡಿಂಗಿನ್ಯಾಗ ನಮ್ಮ ಕಡಿಯವ್ರ ಬೆವರು ಎಷ್ಟು ಐತೋ. ಬೈನಾದಾಗ ಗುಡಸಲ ಕೆಡವಿದಾಗ ಹೊಳ್ಳಿ ಬಂದ ಮಂದಿ ಇಲ್ಲೇ ಅದಾರ. ಅವ್ರು ಮನಿಗೆ ಮನಿಆರ್ಡರ್ ಕಳಸತಿದ್ರಲ್ಲ, ಅದನ್ನ ಕೊಡೂಮುಂದ ನಾ "ಪಗಾರ ಬಂದೈತಿ" ಅಂತ ಒದರತಿರಲಿಲ್ಲ. "ಮಗ ರೊಕ್ಕ ಹಾಕ್ಯಾನ" ಅಂತಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ನಾಲಿಗಿಗೆ ತಾನ ಗೊತ್ತಿರತೈತಿ.

— ಸರಕಾರದವ್ರ ನಾಲಿಗಿಗೂ ಗೊತ್ತೈತಿ. ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಕೊಡೋದಕ್ಕ ವೇತನ ಅನ್ನೂದಿಲ್ಲ. ಗೌರವಧನ. ಮುಂಜಾನೆ ಹೋಗಿ ಮಕ್ಕಳನ್ನ ಕೂಡಿಸಿ, ತೂಕ ಮಾಡಿ, ಬಸರ ಹೆಂಗಸರ ಲೆಕ್ಕ ಬರದು, ಚುನಾವಣಿ ಪಟ್ಟಿ ತಿದ್ದಿ, ಇಷ್ಟೆಲ್ಲಾ ಮಾಡಿದ ಮ್ಯಾಲ ಗೌರವ. ಆ ಒಂದು ಶಬ್ದದಾಗ ಪಿಎಫ್, ಗ್ರಾಚ್ಯುಯಿಟಿ, ಪೆನ್ಶನ್ ಎಲ್ಲಾ ಮುಳುಗಿ ಹೋಗತಾವ.

— ಗೌರವ ಅಂದ್ರ ಮಂದಿ ಬಾಯಿ ಮುಚ್ಚತಾರ. ಕೂಲಿ ಅಂದ್ರ ಜಗಳಾಡತಾರ.

— ಅದಕ್ಕ 2022ರ ಏಪ್ರಿಲ್‌ದಾಗ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟೈತಿ. ಗುಜರಾತಿನ ಅಂಗನವಾಡಿ ಹೆಣಮಕ್ಕಳು ಹಾಕಿದ ಕೇಸು. ಗೌರವಧನ ಅಂತ ಹೆಸರಿಟ್ಟ ಮಾತ್ರಕ್ಕ ಅದು ವೇತನ ಅಲ್ಲ ಅನ್ನಾಕ ಬರೂದಿಲ್ಲ, 1972ರ ಗ್ರಾಚ್ಯುಯಿಟಿ ಕಾಯ್ದೆ ಪ್ರಕಾರ ಅದು ವೇತನನ, ಅವ್ರಿಗೂ ಗ್ರಾಚ್ಯುಯಿಟಿ ಸಿಗಬೇಕು ಅಂತ. ಕೋರ್ಟಿನವ್ರು ಒಂದು ಶಬ್ದದ ಅರ್ಥ ಬಿಡಿಸಿದ್ರು, ಅಷ್ಟ. ಅದರ ಮ್ಯಾಲ ಎಷ್ಟು ಮನಿ ನಿಂತಾವ ನೋಡ್ರಿ.

— ನಿಂದೂ ಹಂಗ ಐತೇನು? ಕಾಲೇಜಿನ್ಯಾಗ?

— ನಾ ಅತಿಥಿ ಉಪನ್ಯಾಸಕಿ. ನಂದೂ ಗೌರವಧನನ.

— ಅತಿಥಿ ಅಂತಾರ, ಪಾಠ ಮಾಡಸತಾರ! ಸೂಟಿಯೊಳಗೂ ಬರತೈತೇನು?

— ಇಲ್ಲ. ಕಾಲೇಜು ಬಂದಾತಂದ್ರ ಬಂದ.

— ಹಂಗಾರ ಬಿಡು, ಅದು ಪಗಾರ ಅಲ್ಲ. ನಿನಗ ಶೆಟ್ಟಿ ಉದ್ರಿ ಕೊಡೂದಿಲ್ಲ.

— ಗೊತ್ತೈತಿ. ಮಂಗಳೂರಾಗಿನ ಶೆಟ್ಟಿನೂ ಕೊಡೂದಿಲ್ಲ.

— ಆ ಕೋರ್ಟಿನ ಕಾಗದ ಸಿಕ್ಕೀತೇನು? ಹಿಂದಿನ ಓಣ್ಯಾಗ ಅಂಗನವಾಡಿ ಬಾಯಿ ಅದಾಳ, ಮುಂದಿನ ವರ್ಷ ರಿಟೈರ್ ಆಗತಾಳ. ದಿನಾ ಕೇಳತಾಳ, ನನಗೇನರೆ ಬರತೈತೇನ್ರಿ ಅಂತ.

— ಸಿಗತೈತಿ. ಆದ್ರ ಇಂಗ್ಲಿಷಿನ್ಯಾಗ ಐತಿ, ಭಾಳ ಉದ್ದ.

— ನೀ ಕನ್ನಡ ಮಾಡಿ ಕೊಡು. ಬೇಕಾದಷ್ಟ ಮಾಡು, ಅಕಿಗೆ ತಿಳಿಯೂ ಹಂಗ.

— ಕೂಲಿ ಏನು ಕೊಡತೀರಿ?

— ಗೌರವಧನ ಕೊಡತೀನಿ ತಗೋ.